ಎಡಗೈಯ ಅರ

ಫೋರ್ಟ್ಸ್‌ಹೈಮ್,
೧೨ ಜೂನ್ ೨೦೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಅಪ್ಪ,

ಆಪರೇಷನ್ ಆದ ಹೊಸ ಸೊಂಟದ ಕೀಲು ಹೇಗಿದೆ? ವಿಲ್ಟ್‌ಬಾಡಿನ ಬಿಸಿನೀರಲ್ಲಿ ಹೇಳಿದಷ್ಟು ಸಲ ಕಾಲು ಬೀಸುತ್ತಿದ್ದೀಯೋ ಅಥವಾ ನರ್ಸಮ್ಮನ ಹತ್ತಿರ ಹರಟೆ ಹೊಡೆದು ತಪ್ಪಿಸಿಕೊಳ್ಳುತ್ತಿದ್ದೀಯೋ? ಪಕ್ಕದ ಹಾಸಿಗೆಯವರ ಗೊರಕೆಗೆ ಕಿವಿಗೆ ಹತ್ತಿ ಇಟ್ಟುಕೋ, ಅವರ ಮೂಗು ಹಿಂಡಲು ಹೋಗಬೇಡ. ಫೋನನ್ನು ಡ್ರಾಯರಿನಲ್ಲಿ ಹಾಕಿ ಮಲಗಿಸಿದ್ದೀಯಂತೆ, ಅದಕ್ಕೇ ಈ ಕಾಗದ. ಪದಕ, ಬಿಲ್ಲೆಗಳ ನಮ್ಮ ಅಂಗಡಿ ಚೆನ್ನಾಗಿದೆ. ನಾನೂ ಚೆನ್ನಾಗಿದ್ದೇನೆ, ಎಷ್ಟೆಂದರೆ ಇವತ್ತು ಊಟದ ಹೊತ್ತಿಗೆ ಬಾಗಿಲು ಹಾಕಿಕೊಂಡು ಒಬ್ಬಳೇ ನಕ್ಕಿದ್ದೇನೆ. ಯಾಕೆಂದು ಹೇಳುತ್ತೇನೆ.

ಸೋಮವಾರ ರೋಸ್‌ವಿತಾ ಬ್ಯುರ್ಕ್ಲೆ ಎಂಬ ಹೆಂಗಸು ಬಂದರು. ಎಪ್ಪತ್ತು ದಾಟಿದೆ, ಬೆನ್ನು ನೆಟ್ಟಗಿದೆ. ಹಿಂದೆಯೇ ಅವರ ತಂಗಿಯ ಗಂಡ ಗೆರೋಲ್ಡ್. ಆಕೆ ಕರ್ಚೀಫಿನಿಂದ ಬಿಚ್ಚಿಟ್ಟದ್ದು ತೀರಿಹೋದ ತಮ್ಮ ಅಪ್ಪನ ಕಪ್ಪು ಬಣ್ಣದ ಗಾಯದ ಬಿಲ್ಲೆ, ಯುದ್ಧದಲ್ಲಿ ಪೆಟ್ಟು ತಿಂದ ಸೈನಿಕರಿಗೆ ಕೊಡುತ್ತಿದ್ದರಲ್ಲ, ಅದು. ಅದರಲ್ಲಿ ಉಬ್ಬಿಸಿದ ಶಿರಸ್ತ್ರಾಣದ ಮೇಲೆ ನಾಜಿಗಳ ಕೊಕ್ಕೆಶಿಲುಬೆ ಇರಲಿಲ್ಲ, ಬರಿ ನುಣುಪು. ಹಿಂದಿನ ಪಿನ್ನು ಆಮೇಲೆ ಹಾಕಿಸಿದ್ದು. ಗೆರೋಲ್ಡ್ ನನಗೆ ಬಾಯಿ ತೆರೆಯಲೂ ಬಿಡಲಿಲ್ಲ: "ನೋಡಿ, ಶಿಲುಬೆ ಇಲ್ಲ! ನಾಜಿ ಗುರುತು ಇರೋ ಬಿಲ್ಲೆ ಧರಿಸಬಾರದು ಅಂತ ಐವತ್ತೇಳರ ಕಾನೂನು ಬಂದಮೇಲೆ ಮಾಡಿದ ಮಾಲು ಇದು. ದುಡ್ಡು ಕೊಟ್ಟರೆ ಯಾವ ಪುಣ್ಯಾತ್ಮನಿಗೂ ಸಿಗ್ತಿತ್ತು. ಮಾವ ಕುಂಟಿದ್ದು ಚೆರಿ ಮರದಿಂದ ಬಿದ್ದು. ಅದೂ ಸೇಬಿನ ಹೆಂಡ ಏರಿಸಿ!" ಈ ಮಾತನ್ನು ಆತ ಮನೆಯ ಪ್ರತಿ ಹುಟ್ಟುಹಬ್ಬದಲ್ಲೂ ಲೋಟ ಎತ್ತಿ ಹೇಳುತ್ತಾನಂತೆ, ಎಲ್ಲರೂ ನಗುತ್ತಾರಂತೆ. ಬರುವ ವಾರ ತಂಗಿಗೆ ಎಪ್ಪತ್ತು ತುಂಬುತ್ತದೆ. ಮತ್ತೊಮ್ಮೆ ಅದನ್ನು ಕೇಳುವ ಮೊದಲು ಸತ್ಯ ಗೊತ್ತಾಗಬೇಕು ಎಂದರು ರೋಸ್‌ವಿತಾ.

ನಿನ್ನ ಸಹಿ ಇಲ್ಲದೆ ನಾನು ಬರೆದುಕೊಡುವ ಮೊದಲ ಪ್ರಮಾಣಪತ್ರ ಇದು, ಅಪ್ಪ. ಎರಡು ದಿನ ಹಿಂದೆಮುಂದೆ ನೋಡಿದೆ. ತಾಂತ್ರಿಕ ಸಂದೇಹಕ್ಕಿಂತ ಇನ್ನೊಂದು ಹೆಚ್ಚು ಕಾಡಿತು. ಆ ಸೈನ್ಯದ ಬಿಲ್ಲೆಯೊಂದು ಅಸಲಿ ಎಂದು ಹೇಳುವುದರಲ್ಲಿ ನನಗೇಕೆ ಇಷ್ಟು ಉತ್ಸಾಹ? ಅಸಲಿಯಾದರೆ ಮನುಷ್ಯ ಒಳ್ಳೆಯವನಾದನೇ? ಇದನ್ನು ಆಕೆಗೂ ಹೇಳಿಬಿಟ್ಟೆ. ಆಕೆ ಬೇಸರ ಮಾಡಿಕೊಳ್ಳಲಿಲ್ಲ. "ಅಪ್ಪ ಒಳ್ಳೆಯವನಿದ್ದ ಅಂತ ಬರೆದುಕೊಡು ಅಂದೆನಾ ಮಗಳೇ? ಅದರ ಲೆಕ್ಕ ನಾನೂ ಅವನೂ ಅವನು ಬದುಕಿದ್ದಾಗಲೇ ಜಗಳ ಆಡಿ ನೋಡಿಕೊಂಡಿದ್ದೇವೆ. ಸುಳ್ಳುಗಾರ ಅಲ್ಲ ಅಂತ ಗೊತ್ತಾದರೆ ಸಾಕು" ಎಂದರು. ಅಲ್ಲಿಂದ ಕೆಲಸ ಸಲೀಸಾಯಿತು.

ಇವತ್ತು ಬೆಳಿಗ್ಗೆ ಇಬ್ಬರನ್ನೂ ಕೂರಿಸಿಕೊಂಡು ಬಿಲ್ಲೆ ಮಗುಚಿದೆ. ಯುದ್ಧಕಾಲದ ಕಪ್ಪು ಬಿಲ್ಲೆ ತೆಳು ತಗಡನ್ನು ಅಚ್ಚಿಗೊತ್ತಿ ಮಾಡಿದ್ದು. ಮುಂದೆ ಉಬ್ಬಿದ್ದೆಲ್ಲ ಹಿಂದೆ ತಗ್ಗು. ಇದರ ಹಿಂಬದಿಯಲ್ಲಿ, ಶಿರಸ್ತ್ರಾಣದ ನಡುವೆ, ಬೆಸುಗೆಯ ಸಣ್ಣ ತೇಪೆ. ದೀಪವನ್ನು ಓರೆಯಾಗಿ ಹಿಡಿದರೆ ತೇಪೆಯ ಅಂಚಿನಾಚೆ ಎರಡು ಪುಟ್ಟ ತಗ್ಗು ಮೂಲೆಗಳು ಇಣುಕುತ್ತವೆ: ಕೊಕ್ಕೆಶಿಲುಬೆಯ ಎರಡು ತುದಿ! ಮುಂದೆ ಶಿಲುಬೆಯನ್ನು ಅರದಿಂದ ಉಜ್ಜಿ ತೆಗೆಯುವಾಗ ತಗಡು ತೂತಾಗದಿರಲಿ ಎಂದು ಯಾರೋ ಮೊದಲು ಹಿಂದಿನಿಂದ ಬೆಸುಗೆ ತುಂಬಿದ್ದಾರೆ. ಐವತ್ತೇಳರ ನಂತರದ ಮಾಲಿನಲ್ಲಿ ಉಜ್ಜಲು ಶಿಲುಬೆಯೇ ಇರಲಿಲ್ಲ. ಇದು ಯುದ್ಧಕಾಲದ್ದೇ. ಆಮೇಲೆ ಅಂಗಡಿಯಲ್ಲಿ ಕೊಳ್ಳುವವನಾಗಿದ್ದರೆ ನುಣುಪಾದದ್ದನ್ನೇ ಕೊಳ್ಳುತ್ತಿದ್ದ. ತನ್ನ ಬಳಿ ಮೊದಲೇ ಇದ್ದವನು ಮಾತ್ರ, ಕಾನೂನು ಬಂತೆಂದು, ಹೀಗೆ ಉಜ್ಜಿಸಿಕೊಂಡಾನು. ಗಾಯಕ್ಕೆ ನಾನು ಸಾಕ್ಷಿಯಲ್ಲ, ಬಿಲ್ಲೆಗೆ ಮಾತ್ರ ಎಂದೂ ಹೇಳಿದೆ.

ಗೆರೋಲ್ಡ್ ಭೂತಗನ್ನಡಿಗೆ ಕಣ್ಣು ಹಚ್ಚಿ ಬಹಳ ಹೊತ್ತು ಕೂತ. ಕೊನೆಗೆ, ಪೆಚ್ಚು ಮೋರೆ ಹಾಕಿಕೊಂಡು, "ಹಾಗಾದ್ರೆ ಅತ್ತಿಗೆ, ಚೆರಿ ಮರ ಏರಿದ್ದು ಸುಳ್ಳಾ?" ಎಂದ. "ಏರಿದ್ದೂ ನಿಜ, ಕುಡಿದಿದ್ದೂ ನಿಜ, ಬಿದ್ದಿದ್ದೂ ನಿಜ ಕಣೋ. ಅದು ಇನ್ನೊಂದು ಕಾಲು!" ಎಂದರು ರೋಸ್‌ವಿತಾ. ನಾವು ಮೂವರೂ ನಕ್ಕ ರಭಸಕ್ಕೆ ಎದುರುಗಡೆ ಬೇಕರಿಯವಳು ಕಿಟಕಿ ತೆರೆದು ನೋಡಿದಳು.

ಈಗ ನಿನ್ನ ವಿಷಯ. ಮುಂಬದಿಯ ಅರದ ಗೀರುಗಳನ್ನು ನೋಡುತ್ತಿದ್ದೆ. ಬಲಗೈಯವರ ಗೀರುಗಳೆಲ್ಲ ಒಂದು ಕಡೆ ವಾಲುತ್ತವೆ. ಇವು ಉಲ್ಟಾ ವಾಲಿದ್ದವು. ಎಡಗೈಯವನ ಕೆಲಸ. ನೀನು ಯಾವಾಗಲೂ ಮಾಡುವ ಹಾಗೆ ಪಿನ್ನಿನ ತುದಿಯನ್ನು ಎದೆಗೆ ಚುಚ್ಚದಂತೆ ಒಂದಿಷ್ಟೇ ಹೊರಗೆ ಬಾಗಿಸಿದ್ದು ಬೇರೆ. ಎಡಗೈಯವನಾದ ನಿನಗೆ ಶಾಲೆಯಲ್ಲಿ "ಚೆಂದದ ಕೈ ಕೊಡು" ಎಂದು ಹೊಡೆದು ಹೊಡೆದು ಬಲಗೈಯಲ್ಲಿ ಬರೆಸಿದರು. ಅರ ಹಿಡಿಯುವಾಗ ಯಾವ ಮೇಷ್ಟರೂ ಪಕ್ಕದಲ್ಲಿರಲಿಲ್ಲವಲ್ಲ. "ಇದನ್ನು ಎಲ್ಲಿ ಮಾಡಿಸಿದಿರಿ?" ಎಂದು ರೋಸ್‌ವಿತಾರನ್ನು ಕೇಳಿದೆ. "ಐವತ್ತೆಂಟರಲ್ಲಿ, ಇದೇ ಊರಲ್ಲಿ. ನನಗೆ ಹದಿನೇಳು. ಎಡಗೈಯಲ್ಲಿ ಕೆಲಸ ಮಾಡೋ ಒಬ್ಬ. ಕಿವಿ ಇಷ್ಟಿಷ್ಟು ದೊಡ್ಡದು. ಬಿಲ್ಲೆ ಬಿಟ್ಟು ನನ್ನನ್ನೇ ನೋಡ್ತಿದ್ದ, ಅದಕ್ಕೇ ಬೆಸುಗೆ ಸಾಲದೆ ಬಂದಿರಬೇಕು" ಎಂದರು. ಅಪ್ಪಾ! ಉಜ್ಜಿದ ಬಿಲ್ಲೆ ಮೇಜಿಗೆ ಬಂದಾಗಲೆಲ್ಲ "ಯಾವ ಲಾಳ ಹೊಡೆಯೋನು ಹಾಳು ಮಾಡಿದ್ದು ಇದನ್ನ!" ಎಂದು ಶಪಿಸುತ್ತಿದ್ದೆಯಲ್ಲ?

ಪ್ರಮಾಣಪತ್ರದಲ್ಲಿ ಹೀಗೆ ಬರೆದೆ: ಅಸಲಿ, ಯುದ್ಧಕಾಲದ್ದು, ನಂತರ ದುರಸ್ತಿಯಾಗಿದೆ, ದುರಸ್ತಿ ಮಾಡಿದವರು ನನ್ನ ತಂದೆ ಇರಬಹುದು, ಅವರ ಒಪ್ಪಿಗೆ ಬರಬೇಕಿದೆ. ನಮ್ಮವರ ಕೈ ಇದ್ದರೆ ಮುಚ್ಚಿಡಬಾರದು ಎಂದು ಕಲಿಸಿದವನು ನೀನೇ.

ಡಾಕ್ಟರಿಗೂ ಗೊರಕೆಯವರಿಗೂ ನನ್ನ ನಮಸ್ಕಾರ ಹೇಳು. ನಿನ್ನ ಎರಡೂ ಕೈಗಳಿಗೆ ನನ್ನ ಮುತ್ತು.

ನಿನ್ನ ಮಗಳು,
ಹೈಕೆ

ಮರೆತಿದ್ದೆ: ಒಪ್ಪಿಗೆಯನ್ನು ಅಂಚೆಯಲ್ಲಿ ತರಿಸುತ್ತೇನೆ ಎಂದರೂ ರೋಸ್‌ವಿತಾ ಕೇಳಲಿಲ್ಲ. ಭಾನುವಾರ ಮೂರರ ರೈಲಿಗೆ ತಾವೇ ಅಲ್ಲಿಗೆ ಬರುತ್ತಾರೆ, ಚೆರಿ ಕೇಕಿನ ಜೊತೆ, ಗೆರೋಲ್ಡ್ ಇಲ್ಲದೆ. ಅಮ್ಮ ಹೋಗಿ ಆರು ವರ್ಷವಾಯಿತೆಂದು ಹೇಳಿದ್ದೇನೆ, ಅವರಾಗಿಯೇ ಕೇಳಿದರು. ನೀಲಿ ಅಂಗಿ ಹಾಕಿಕೋ. ಗಡ್ಡ ಹೆರೆದುಕೋ. ಆ ಕೆಲಸ ನಿನ್ನದೇ ಎಂದು ಕಂಡಕೂಡಲೇ ಒಪ್ಪಿಕೊಂಡುಬಿಡಬೇಡ. ಒಪ್ಪಿದರೆ ಅವರಿಗೆ ಅಲ್ಲಿ ಕೂರಲು ನೆಪವಿರುವುದಿಲ್ಲ.