ಮಂಚದ ಕೆಳಗಿನ ಸದ್ದು

ಚಲನಚಿತ್ರ ಭಂಡಾರದ ಮುಖ್ಯಾಧಿಕಾರಿಗಳೇ,

ನನ್ನ ಗಂಡ ತಮ್ಮ ಕೊನೆಯ ಸಿನಿಮಾದಲ್ಲಿ ಮಾತಿನ ನಡುವೆ ಸುಮ್ಮನಾಗುತ್ತಿದ್ದ ಜಾಗಗಳನ್ನೆಲ್ಲ ನೀವು ಕತ್ತರಿಸಿ ಹಾಕಿದ್ದೀರಿ. ಆ ಕೆಲಸಕ್ಕೆ ‘ಪುನರುಜ್ಜೀವನ’ ಎಂದು ಹೆಸರಿಟ್ಟಿದ್ದೀರಿ. ಸತ್ತವರನ್ನು ಬದುಕಿಸುವ ಶಕ್ತಿ ನಿಮ್ಮ ಕಚೇರಿಗೆ ಇದ್ದರೆ ಬಹಳ ಸಂತೋಷ. ಆದರೆ ಬದುಕಿಸುವ ನೆಪದಲ್ಲಿ ಅವರ ಮೌನವನ್ನು ಕೊಯ್ದು ಎಸೆಯುವುದು ಯಾವ ಸೀಮೆಯ ವೈದ್ಯ? ಹೊಸದು ತಯಾರಾಗಿರುವುದರಿಂದ ಹಳೆಯ ಪ್ರತಿಯನ್ನು ಬರುವ ತಿಂಗಳು ವಿಲೇವಾರಿ ಮಾಡುತ್ತೀರಂತೆ. ಅದಕ್ಕೆ ಮುಂಚೆ ನನ್ನದೊಂದು ಮಾತು ಕೇಳಿ. ಖಾಸಗಿಯಾಗಿ ಬರೆದವರಿಗೆ ಉತ್ತರ ಕೊಡುವ ರೂಢಿ ನಿಮ್ಮಲ್ಲಿಲ್ಲವೆಂದು ಖಾತ್ರಿಯಾದ ಮೇಲೆ ಹೀಗೆ ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ.

ನನ್ನ ಗಂಡ ಯಾರೆಂದು ನಿಮಗೆ ಹೇಳಬೇಕಾಗಿಲ್ಲ. ನಿಮ್ಮ ಕಚೇರಿಯ ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಅವರ ಪಟವಿದೆ, ಕುದುರೆಯ ಮೇಲೆ ಕೂತು ಕತ್ತಿ ಹಿರಿದಿರುವುದು. ಆ ಕಾಲದಲ್ಲಿ ಅವರು ಬಾಯಿ ತೆರೆದರೆ ಕುದುರೆಯೂ ಕಿವಿ ನಿಮಿರಿಸುತ್ತಿತ್ತು ಎಂದು ಜನ ತಮಾಷೆ ಮಾಡುತ್ತಿದ್ದರು. ಜನಕ್ಕೆ ಗೊತ್ತಿಲ್ಲದ ಸಂಗತಿಯೆಂದರೆ, ಆ ಮಾತುಗಳನ್ನೆಲ್ಲ ಅವರು ಬಾಯಿಪಾಠ ಮಾಡುತ್ತಿದ್ದುದು ನಮ್ಮ ಅಡುಗೆಮನೆಯಲ್ಲಿ. ನಾನು ತರಕಾರಿ ಹೆಚ್ಚುತ್ತಾ ಎದುರು ಪಾತ್ರದ ಮಾತು ಹೇಳಬೇಕು, ಅವರು ಬಾಗಿಲಿಗೆ ಒರಗಿ ಉತ್ತರ ಕೊಡಬೇಕು. ತೆರೆಯ ಮೇಲೆ ಅವರಿಗೆ ನಾಯಕಿಯರು ಎಷ್ಟೋ ಮಂದಿ, ಮನೆಯಲ್ಲಿ ಎಲ್ಲರೂ ನಾನೇ. ಹಡೆದ ತಾಯಿಯೂ ನಾನೇ, ಖಳನಾಯಕನೂ ನಾನೇ. ಈರುಳ್ಳಿ ಹೆಚ್ಚುತ್ತಲೇ ಎಷ್ಟೋ ಸಲ ಅವರ ಕತ್ತಿಗೆ ಬಲಿಯಾಗಿದ್ದೇನೆ. “ಸ್ವಲ್ಪ ಸರಿಯಾಗಿ ಸಾಯೇ, ನನಗೆ ಮುಂದಿನ ಮಾತು ಬರ್ತಿಲ್ಲ” ಎಂದು ಗದರಿಕೊಳ್ಳುತ್ತಿದ್ದರು.

ವಯಸ್ಸಾದ ಮೇಲೆ ಮಾತುಗಳು ಒಂದೊಂದಾಗಿ ಅವರನ್ನು ಬಿಟ್ಟು ಹೊರಟವು. ಮೊದಲು ಗೆಳೆಯರ ಹೆಸರುಗಳು ಹೋದವು, ಆಮೇಲೆ ಮನೆಗೆ ಬರುವ ದಾರಿ. ನಾವು ಯಾರಿಗೂ ಹೇಳಲಿಲ್ಲ. ಸಿನಿಮಾದವರು ಆಗಲೇ ನಮ್ಮ ಬಾಗಿಲಿಗೆ ಬರುವುದನ್ನು ಬಿಟ್ಟಿದ್ದರಿಂದ ಮುಚ್ಚಿಡುವುದು ಕಷ್ಟವೂ ಆಗಲಿಲ್ಲ. ಅಂಥ ಹೊತ್ತಿನಲ್ಲಿ ಒಬ್ಬ ಹೊಸ ನಿರ್ದೇಶಕ ಬಂದು, ಹಾಸಿಗೆ ಹಿಡಿದ ಅಜ್ಜನ ಪಾತ್ರವಿದೆ, ಮಾಡುತ್ತೀರಾ ಎಂದು ಕೇಳಿದ. ನಾನು ಆಗುವುದಿಲ್ಲ ಎನ್ನಬೇಕು, ಅಷ್ಟರಲ್ಲಿ ಇವರು ಎದ್ದುಹೋಗಿ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿದ್ದರು. “ಇವಳು ಜೊತೆಗಿದ್ರೆ ಮಾಡ್ತೀನಿ” ಅಂದರು. ಹಾಗೆ ನಾನೂ ಸಿನಿಮಾ ಸೇರಿದೆ, ಮಂಚದ ಕೆಳಗೆ.

ಹೌದು, ಇದನ್ನು ಇವತ್ತೇ ಮೊದಲ ಸಲ ಹೊರಗೆ ಹೇಳುತ್ತಿದ್ದೇನೆ. ಆ ಅಜ್ಜ ಮಲಗಿರುವ ಮಂಚದ ಕೆಳಗೆ, ಇಳಿಬಿದ್ದ ಹೊದಿಕೆಯ ಮರೆಯಲ್ಲಿ, ಹಳೆಯ ದಿಂಬಿನ ಮೇಲೆ ತಲೆಯಿಟ್ಟು ಒಬ್ಬ ಮುದುಕಿ ಮಲಗಿದ್ದಾಳೆ. ನಾನು ಪಿಸುಗುಟ್ಟಬೇಕು, ಅವರು ಕೇಳಿಸಿಕೊಂಡು ತಮ್ಮ ದನಿಯಲ್ಲಿ ಹೇಳಬೇಕು. ‘ಮುದಿ ಸಿಂಹ ತಡವರಿಸುತ್ತಿದೆ’ ಎಂದು ಪತ್ರಿಕೆಯವರು ಬರೆದರಲ್ಲ, ಆ ಮೌನಗಳಲ್ಲಿ ಅವರು ತಡವರಿಸುತ್ತಿರಲಿಲ್ಲ, ನನ್ನ ಮಾತು ಕೇಳುತ್ತಿದ್ದರು. ಆಮೇಲೆ ಸ್ಟುಡಿಯೋದಲ್ಲಿ ಕೂತು, ತೆರೆಯ ಮೇಲಿನ ತುಟಿಗೆ ಹೊಂದಿಸಿ ಮತ್ತೆ ಹೇಳುವುದು ಅವರಿಂದ ಆಗಲಿಲ್ಲ. ಹಾಗಾಗಿ ಚಿತ್ರೀಕರಣದ ಹೊತ್ತಿನ ಧ್ವನಿಯನ್ನೇ ಉಳಿಸಿಕೊಂಡರು. ಕಿವಿಗೊಟ್ಟರೆ ನನ್ನ ಪಿಸುಮಾತೂ ಅದರಲ್ಲಿತ್ತು. ಜನ ಅದನ್ನು ಫ್ಯಾನಿನ ಸದ್ದು ಎಂದುಕೊಂಡರು.

ಒಂದು ದಿನ, ಮೊಮ್ಮಗಳು ಬಂದು “ಅಜ್ಜಾ, ನನ್ನ ಮೇಲೆ ಕೋಪಾನಾ?” ಎಂದು ಕೇಳುವ ದೃಶ್ಯ. ಅಜ್ಜ ಕ್ಷಮೆಯ ಬಗ್ಗೆ ಉದ್ದನೆಯ ಮಾತು ಹೇಳಬೇಕು. ಬೆಳಗಿನಿಂದ ಮುದುರಿಕೊಂಡು ಮಲಗಿದ್ದ ನನಗೆ ತಡೆಯಲಾಗಲಿಲ್ಲ. “ಕಾಲು ಜೋಮು ಹಿಡಿದಿದೆ ರೀ, ಸ್ವಲ್ಪ ತಾಳಿ” ಎಂದು ಪಿಸುಗುಟ್ಟಿದೆ. ನಾನು ಏನು ಹೇಳಿದರೂ ಹೇಳುವುದು ಅವರ ಅಭ್ಯಾಸವಾಗಿತ್ತಲ್ಲ, ಆ ದೊಡ್ಡ ದನಿಯಲ್ಲಿ, ನಿಧಾನವಾಗಿ, “ಕಾಲು ಜೋಮು ಹಿಡಿದಿದೆ, ಸ್ವಲ್ಪ ತಾಳಿ” ಅಂದುಬಿಟ್ಟರು. ಮೊಮ್ಮಗಳ ಪಾತ್ರದ ಹುಡುಗಿ ಕಂಗಾಲಾಗಿ, ಬೇರೇನೂ ತೋಚದೆ, ಕೂತು ಅವರ ಕಾಲು ಒತ್ತತೊಡಗಿದಳು. ಒತ್ತುತ್ತಾ ನಿಜವಾಗಿಯೂ ಅತ್ತಳು. ನಿರ್ದೇಶಕ ಕ್ಯಾಮೆರಾ ನಿಲ್ಲಿಸಲಿಲ್ಲ. ಚಿತ್ರ ಬಂದಾಗ ಥಿಯೇಟರಿನಲ್ಲಿ ಜನ ಮೂಗೊರೆಸಿಕೊಂಡದ್ದು ಅದೊಂದೇ ಜಾಗದಲ್ಲಿ. ಆದರೆ ನಾನು ಹೇಳಹೊರಟಿದ್ದು ಅದನ್ನಲ್ಲ. ದೃಶ್ಯ ಮುಗಿದು ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದಾಗ ಇವರು ಮಂಚದಿಂದ ತಲೆ ಕೆಳಗೆ ಬಾಗಿಸಿ, ಹೊದಿಕೆ ಸರಿಸಿ, “ಕಾಲು ಈಗ ಹೇಗಿದೆ?” ಎಂದು ನನ್ನನ್ನು ಕೇಳಿದರು. ಮಗಳ ಹೆಸರು ಮರೆತಿದ್ದ ಮನುಷ್ಯ.

ಈಗ ನಿಮ್ಮ ಘನಕಾರ್ಯಕ್ಕೆ ಬರೋಣ. ಮೂಲ ಚಿತ್ರಕಥೆಯಲ್ಲಿ ಇಲ್ಲವೆಂಬ ಕಾರಣಕ್ಕೆ ಆ ಜೋಮಿನ ಮಾತನ್ನು ತೆಗೆದಿದ್ದೀರಿ. ಹೀಗಾಗಿ ನಿಮ್ಮ ಹೊಸ ಪ್ರತಿಯಲ್ಲಿ ಮೊಮ್ಮಗಳು ಯಾವ ಕಾರಣವೂ ಇಲ್ಲದೆ ಅಜ್ಜನ ಕಾಲು ಒತ್ತುತ್ತಾಳೆ. ಫೋನು ಮಾಡಿದೆ. ನಿಮ್ಮ ಕೈಕೆಳಗಿನ ತಂತ್ರಜ್ಞರು ಬಹಳ ಮರ್ಯಾದಸ್ಥರು. “ಅಮ್ಮಾ, ನಿಮ್ಮ ಯಜಮಾನ್ರ ಗೌರವ ಉಳಿಸಿದೀವಿ. ತಡವರಿಸೋದು ಈಗ ಗೊತ್ತೇ ಆಗಲ್ಲ. ಹಿಂದ್ಗಡೆ ಏನೋ ಗುಸುಗುಸು ಅಂತಿತ್ತು, ಅದನ್ನೂ ಕ್ಲೀನ್ ಮಾಡಿದೀವಿ” ಅಂದರು. “ಆ ಗುಸುಗುಸು ನಾನಪ್ಪಾ” ಅಂದೆ. ಮುದುಕಿಗೆ ಅರುಳುಮರುಳು ಎಂದುಕೊಂಡರೋ ಏನೋ, ನಕ್ಕು, “ಆಯ್ತಮ್ಮ, ಆರೋಗ್ಯ ನೋಡ್ಕೊಳ್ಳಿ” ಎಂದು ಫೋನು ಇಟ್ಟರು.

ತಾರೆಗಳ ಕೊನೆಯ ಪಾತ್ರವೆಂದರೆ ನಿಮಗೆಲ್ಲ ಯಾಕಿಷ್ಟು ಮುಜುಗರ? ಇವರ ಜೊತೆ ಮೆಟ್ಟಿಲು ಮೆಟ್ಟಿಲಿಗೂ ಕುಣಿದಿದ್ದ ಒಬ್ಬ ನಾಯಕಿ ತನ್ನ ಕೊನೆಯ ಚಿತ್ರದಲ್ಲಿ ಟಿಕೆಟ್ ಕೌಂಟರಿನ ಹೆಂಗಸಾದಳು. ಕಿಂಡಿಯಲ್ಲಿ ಅವಳ ಕೈ ಮಾತ್ರ ಕಾಣುತ್ತದೆ. ಇವರ ಚಿತ್ರಗಳಲ್ಲಿದ್ದ ಹಾಸ್ಯನಟನಿಗೆ ಕೊನೆಯ ಚಿತ್ರದ ಹೊತ್ತಿಗೆ ಮುಖದ ಒಂದು ಪಕ್ಕ ಬಿದ್ದುಹೋಗಿತ್ತು, ಉಳಿದ ಪಕ್ಕದಲ್ಲೇ ಜನರನ್ನು ನಗಿಸಿ ಹೋದ. ನಿಮ್ಮ ಪ್ರದರ್ಶನಗಳಲ್ಲಿ ಇವರಿಬ್ಬರ ಆ ಚಿತ್ರಗಳು ಒಮ್ಮೆಯೂ ಬಂದಿಲ್ಲ. ನಿಮಗೆ ಬೇಕಾಗಿರುವುದು ಕುದುರೆಯ ಮೇಲೆ ಕೂತವರು. ಅವರು ಇಳಿದು, ಗೋಡೆ ಹಿಡಿದುಕೊಂಡು ಬಚ್ಚಲುಮನೆಗೆ ನಡೆದದ್ದನ್ನು ನೋಡುವ ಧೈರ್ಯ ನಿಮಗಿಲ್ಲ. ತಮ್ಮ ಕೊನೆಯ ಚಿತ್ರದಲ್ಲಿ ನನ್ನ ಗಂಡ ಅದ್ಭುತವಾಗಿ ನಟಿಸಿದ್ದರು ಎಂದು ನಾನು ವಾದಿಸುತ್ತಿಲ್ಲ. ಬಹುಶಃ ನಟಿಸಿಯೇ ಇರಲಿಲ್ಲ. ಅವರ ಚಿತ್ರಗಳಲ್ಲಿ ನಾನೂ ಇರುವುದು ಅದೊಂದರಲ್ಲೇ, ಅಷ್ಟೇ ನನ್ನ ವಾದ.

“ಅಪ್ಪನ ಮಾನ ಬೀದಿಗೆ ತರ್ತೀಯಾ?” ಎಂದು ಮಗಳು ಈ ಪತ್ರ ಬೇಡವೆಂದಳು. ಅವಳಿಗೆ ನನ್ನ ಸಂಜೆಗಳು ಗೊತ್ತಿಲ್ಲ. ಮನೆಯಲ್ಲಿ ಈ ಚಿತ್ರದ ಒಂದು ಡಿಸ್ಕ್ ಇತ್ತು. ಸಂಜೆ ಅದನ್ನು ಹಾಕಿಕೊಂಡು, ಕುರ್ಚಿಯನ್ನು ಟೀವಿಯ ಹತ್ತಿರಕ್ಕೆ ಎಳೆದುಕೊಂಡು ಕೂರುತ್ತಿದ್ದೆ. ಅವರು ಸುಮ್ಮನಾಗುತ್ತಿದ್ದರು, ನಾನು ಪಿಸುಗುಟ್ಟುತ್ತಿದ್ದೆ, ಅವರು ಹೇಳುತ್ತಿದ್ದರು. ಹೊರಗಿನವರಿಗೆ ಹುಚ್ಚು ಅನ್ನಿಸಬಹುದು, ನನಗೆ ಅದು ಗಂಡನ ಜೊತೆಗಿನ ಮಾತುಕತೆ. ಹಾಕಿ ಹಾಕಿ ಡಿಸ್ಕ್ ಸವೆದು ನಿಂತುಹೋಯಿತು. ಹೋದ ವಾರ ಟೀವಿಯಲ್ಲಿ ನಿಮ್ಮ ಹೊಸ ಪ್ರತಿ ಬರುತ್ತದೆಂದು ತಿಳಿದು, ತಲೆ ಬಾಚಿಕೊಂಡು ಕೂತೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಹೇಳಿ ಮುಗಿಸಿದ್ದರು. ಮುಂದಿನ ಮಾತಿಗೆ ಅವಸರ ಮಾಡಿದೆ, ಅದನ್ನೂ ಮುಗಿಸಿದ್ದರು. ಕೊನೆಯವರೆಗೂ ಅವರು ನನಗಾಗಿ ಒಮ್ಮೆಯೂ ಕಾಯಲಿಲ್ಲ. ಅವರು ತೀರಿಕೊಂಡ ದಿನವೂ ನನಗೆ ಇಷ್ಟು ಒಂಟಿ ಅನ್ನಿಸಿರಲಿಲ್ಲ, ಮಾನ್ಯರೇ.

ಆದ್ದರಿಂದ ನನ್ನ ಒತ್ತಾಯ ಇಷ್ಟೇ. ನಿಮ್ಮ ಹೊಸ ಪ್ರತಿಯನ್ನು ಎಷ್ಟು ಬೇಕಾದರೂ ಮೆರೆಸಿ. ಆದರೆ ಹಳೆಯದನ್ನು ನಾಶ ಮಾಡಬೇಡಿ. ಆ ಮೌನಗಳು, ಆ ಗುಸುಗುಸು, ಆ ಜೋಮು, ಎಲ್ಲವೂ ಇದ್ದ ಹಾಗೆಯೇ ಅದರ ಒಂದು ನಕಲು ಮಾಡಿ ನನಗೆ ಕಳಿಸಿಕೊಡಿ. ನನ್ನ ಹೆಸರು ಎಲ್ಲೂ ಹಾಕಬೇಡಿ, ಸನ್ಮಾನವೂ ಬೇಡ. ಈ ವಯಸ್ಸಿನಲ್ಲಿ ಸ್ವಲ್ಪ ಹೊತ್ತು ಕೂತರೂ ಸಾಕು, ಕಾಲು ಜೋಮು ಹಿಡಿಯುತ್ತದೆ. ಈಗ ಹೇಗಿದೆ ಎಂದು ಕೇಳುವವರು ನಿಮ್ಮ ಕಪಾಟಿನಲ್ಲಿದ್ದಾರೆ.

ಇಂತಿ,
ನಿಮ್ಮ ಯಂತ್ರ ಗುಡಿಸಿ ಹಾಕಿದ ಗುಸುಗುಸು