ಹೊಸಿಲಿನ ಹಳದಿ

ಆಂಗ್ ಮೋ ಕಿಯೋ, ಸಿಂಗಪುರ
ಭಾನುವಾರ, 16 ಸೆಪ್ಟೆಂಬರ್ 2007

ಪ್ರೀತಿಯ ಮೈಥಿಲಿ,

ಹೇಗಿದ್ದೀಯ? ನಿದ್ದೆ ಬರುತ್ತಿದೆಯೇ? ನಿನ್ನ ತವರಿಗೆ ಫೋನ್ ಮಾಡಿದರೆ ಅತ್ತೆಯವರೇ ಎತ್ತಿ, "ಈಗ ತಾನೇ ಮಲಗಿದಳಪ್ಪ" ಅನ್ನುತ್ತಾರೆ. ಬೆಳಗ್ಗೆ ಮಾಡಿದರೂ ಅದೇ, ಸಂಜೆ ಮಾಡಿದರೂ ಅದೇ. ಅದಕ್ಕೇ ಈ ಕಾಗದ; ಇದನ್ನು ನಿನ್ನ ಪರವಾಗಿ ಅವರು ಎತ್ತಲಾರರು. ನಾನು ಚೆನ್ನಾಗಿದ್ದೇನೆ. ಅನ್ನ ಸಾರು ಮಾಡಿಕೊಳ್ಳುತ್ತೇನೆ. ಉಪ್ಪಿದ್ದರೆ ಹುಳಿಯಿಲ್ಲ, ಹುಳಿಯಿದ್ದರೆ ತಿಳಿಯಿಲ್ಲ.

ಪುಂಗೋಲಿನ ದಿಮ್ಮಿ ಮನೆ ನೆನಪಿದೆಯಲ್ಲ, ರಬ್ಬರ್ ತೋಟದ ಸಾಹೇಬನೊಬ್ಬ ತನ್ನೂರಿನ ನೆನಪಿಗೆ ಇಡೀ ಇಡೀ ದಿಮ್ಮಿ ಪೇರಿಸಿ ಕಟ್ಟಿಸಿಕೊಂಡದ್ದು? ಅದೇ ಜಾತಿಯ ಮರ ಸಿಗದೆ ಹೋದ ವರ್ಷ ನಿಂತಿದ್ದ ರಿಪೇರಿ ಈ ತಿಂಗಳು ಮತ್ತೆ ಶುರುವಾಗಿದೆ. ಸುತ್ತ ಬಹುಮಹಡಿ ಫ್ಲ್ಯಾಟುಗಳು ಏಳುತ್ತಿವೆ, ನಾನು ಮಾತ್ರ ನೆಲದ ಮೇಲೆ ಕೂತು ಮರ ತಟ್ಟಿ ಟೊಳ್ಳು ಹುಡುಕುತ್ತೇನೆ. ಗೆದ್ದಲಿಗೆ ಊಟ, ನನಗೆ ಪೇಚಾಟ. ಕೊಳೆತಷ್ಟನ್ನೇ ಕೊರೆದು ತೆಗೆದು ಹೊಸ ತುಂಡು ಕೂರಿಸುವುದು, ಉಳಿದ ಹಳೆಯದನ್ನು ಮುಟ್ಟದಿರುವುದು ನಮ್ಮ ನಿಯಮ.

ಬಣ್ಣ ಪರೀಕ್ಷೆಗೆ ಮಿಸ್ ಲಿಮ್ ಅಂತ ಹೊಸಬಳು ಬಂದಿದ್ದಾಳೆ. ಬುಧವಾರ ಬಾಗಿಲಿನ ಟಾರ್ಪಾಲಿನ್ ಒಳಗೆ ತೂರಿದವಳು ಮುಖ ಅರಳಿಸಿಕೊಂಡು ಹೊರಬಂದಳು. ಹೊಸಿಲ ಮೇಲೆ ಹಳದಿ, ಪಕ್ಕದ ಕಂಬದ ಮೇಲೂ ಹಳದಿ! ಮೂಲದಲ್ಲಿ ಬಾಗಿಲು, ಕಿಟಕಿ ಎಲ್ಲ ಹಳದಿಯೇ ಇದ್ದಿರಬೇಕು, ಪೂರ್ತಿ ಅದನ್ನೇ ಬಳಿಸೋಣ ಅಂದಳು.

ನಿನಗೆ ಗೊತ್ತಾಗಿರಬೇಕು. ಹೋದ ವರ್ಷ ಶ್ರಾವಣ ಶುಕ್ರವಾರ ನೀನೂ ನಮ್ಮ ಪ್ರಿಯಂವದೆಯೂ ಸೈಟ್ ನೋಡಲು ಬಂದಿದ್ದಿರಿ. "ಶುಕ್ರವಾರ ಬೋಳು ಹೊಸಿಲು ದಾಟ್ತಾರೇನ್ರೀ?" ಎಂದು, ನೀನು ದೇವಸ್ಥಾನದಿಂದ ತಂದಿದ್ದ ಅರಿಶಿನ ಕಲಸಿ ಬಳಿದೆ. ನಿನ್ನ ಜೊತೆ ತಾನೂ ಬಳಿದ ಮಗಳು, ಒಳಗೆ ಹೋಗಲು ಒಂಟಿಕಾಲಲ್ಲಿ ನಿಂತು ಚಪ್ಪಲಿ ಬಿಚ್ಚುತ್ತಾ ಕಂಬಕ್ಕೆ ಅಂಗೈ ಊರಿ, ಇಲ್ಲಿಯವರ ಹಾಗೆ 'ಲಾ' ಎಳೆದು ಕೂಗಿದಳು: "ಅಪ್ಪಾ, ಈಗ ನಾನೂ ಹೆರಿಟೇಜ್ ಲಾ!" ಮಾರನೆಯ ದಿನ ಮಳೆಗೆಂದು ನಾನು ಟಾರ್ಪಾಲಿನ್ ಕಟ್ಟಿಸಿದೆ. ದೀಪಾವಳಿಗೆ ಅವಳೇ ಇರಲಿಲ್ಲ. ಆ ಜ್ವರದ ಹೆಸರನ್ನು ನಾನು ಬರೆಯುವುದಿಲ್ಲ.

ಸುಮ್ಮನಿದ್ದುಬಿಡೋಣ ಅನ್ನಿಸಿತು. ಆದರೆ ಸುಮ್ಮನಿದ್ದರೆ ಆ ಕೈ ಬಣ್ಣದ ಕೆಳಗೆ ಹೋಗುತ್ತದೆ. ಅದು ಅರಿಶಿನ ಎಂದು ಹೇಳಿದೆ. ಮಿಸ್ ಲಿಮ್ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯಾ, ಫಿಶ್ ಕರಿಗೆ ಹಾಕೋ ಪುಡೀನಾ! ತಿಕ್ಕೋದು ಬೇಡ, ಮರ ಹಾಳಾಗುತ್ತೆ. ಟಾರ್ಪಾಲಿನ್ ಬಿಚ್ಚಿ ಸಾಕು, ಬಿಸಿಲಿಗೆ ತಾನೇ ಹೋಗುತ್ತೆ." ಸರಿಯೇ. ಅರಿಶಿನದ ಕಲೆಯಾದ ನನ್ನ ಅಂಗಿಗಳನ್ನೆಲ್ಲ ನೀನು ಬಿಸಿಲಿಗೇ ಹಾಕುತ್ತಿದ್ದೆ. ಹೇಳದಿದ್ದರೆ ಬಣ್ಣ, ಹೇಳಿದರೆ ಬಿಸಿಲು.

ಆಮೇಲೆ ಅವಳು ಬಗ್ಗಿ ನೋಡಿ, ಇಷ್ಟು ಪುಟ್ಟ ಕೈ ಯಾರದು ಅಂದಳು. ನನ್ನ ಮಗಳದು ಅಂದೆ. "ಓಪನಿಂಗ್ ದಿನ ಕರ್ಕೊಂಡು ಬನ್ನಿ ಲಾ, ಇನ್ನೊಂದು ಸಲ ಇಡಲಿ, ಫೋಟೋ ತೆಗೆಯೋಣ." ನಾನು ಆಗಲಿ ಅಂದೆ, ಮೈಥಿಲಿ.

ಮನೆಯಲ್ಲಿ ನಾನೊಂದು ಪ್ರಾಸ ಎಸೆದರೆ ಪ್ರಿಯಂವದೆ ಸೋಫಾದ ಮೇಲಿಂದ ಇನ್ನೊಂದು ಎಸೆಯುತ್ತಿದ್ದಳು. ಈಗಲೂ ಬಾಯಿತಪ್ಪಿ ಒಂದು ಸಾಲು ಹೇಳಿಬಿಡುತ್ತೇನೆ. ಎರಡನೆಯದಕ್ಕೆ ಕಾಯುತ್ತಾ ನಿಲ್ಲುತ್ತೇನೆ.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ಹೊತ್ತು ಮೀರಿಸದೆ ಉಣ್ಣು. ನಿನಗೆ ದೇವರು ನಿದ್ದೆ ಕೊಡಲಿ, ನಿಜವಾದದ್ದು.

ನಿನ್ನ
ಶಿವರಾಮ್

ತಾ.ಕ.: ಟಾರ್ಪಾಲಿನ್ ಬಿಚ್ಚುವುದು ಅಕ್ಟೋಬರ್ ಐದು, ಶುಕ್ರವಾರ. ಅಲ್ಲಿಯವರೆಗೆ ಆ ಹಗ್ಗ ಯಾರೂ ಮುಟ್ಟಬಾರದೆಂದು ಹೇಳಿದ್ದೇನೆ. ಟಿಕೆಟ್ ಬುಕ್ ಮಾಡಲೇ? ನಮ್ಮ ಈ ಮನೆಗೆ ಕಾಲಿಡಲು ಆಗದಿದ್ದರೆ ಬೇಡ, ಸೈಟಿಗಾದರೂ ಬಾ. ಆ ಕೈ ಮಾಸುವುದನ್ನು ನಾನೊಬ್ಬನೇ ನಿಂತು ನೋಡಲಾರೆ.