ಹೊನ್ನಾಳಿಯ ಕಾರ್ಡ್ ಸುಟ್ಟದ್ದು ಹೇಗೆ

ಸೊಕ್ಕೆ
17 ನವೆಂಬರ್ 2024, ಭಾನುವಾರ

ಪ್ರೀತಿಯ ಚೈತ್ರಾಳಿಗೆ,

ನನ್ನ ಅಕ್ಷರ ಚೆನ್ನಾಗಿಲ್ಲ, ಕಾಗುಣಿತವೂ ಅಲ್ಲಲ್ಲಿ ತಪ್ಪಿರುತ್ತದೆ. ಬೇಸರ ಮಾಡಿಕೊಳ್ಳಬೇಡ. ಏಳನೆಯ ತರಗತಿಯವರೆಗೆ ನನ್ನ ಪಕ್ಕದಲ್ಲೇ ಕೂತವಳು ನೀನು, ಹೇಗೋ ಓದಿಕೊಳ್ಳುತ್ತೀಯ. ಆಮೇಲೆ ನೀನು ಜಗಳೂರಿನ ಹೈಸ್ಕೂಲಿಗೆ ಹೋದೆ, ನಾನು ಹೊಲಿಗೆ ಮಷಿನ್ನಿನ ಮುಂದೆ ಕೂತೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನನಗೆ "ಹ್ಞೂಂ" ಬಿಟ್ಟರೆ ಬೇರೆ ಮಾತು ಬರುವುದಿಲ್ಲ. ನಡೆದದ್ದನ್ನು ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಇಲ್ಲದಿದ್ದರೆ ನನಗೆ ದಾರಿ ತಪ್ಪುತ್ತದೆ.

ಹೋದ ವರ್ಷ ನನ್ನ ತಮ್ಮ ಪ್ರದೀಪ ಗೇಮ್ ಆಡುವ ಕಂಪ್ಯೂಟರ್ ಬೇಕೆಂದು ಹಟ ಹಿಡಿದಾಗ ಅವನನ್ನು ಹೊನ್ನಾಳಿಯ ನಿನ್ನ ಅಂಗಡಿಗೆ ಕಳಿಸಿದ್ದು ನಾನೇ. ದಾವಣಗೆರೆಯನ್ನೂ ದಾಟಿ ಅಷ್ಟು ದೂರ ಯಾಕೆ ಹೋಗಬೇಕು ಎಂದ. ನನ್ನ ಗೆಳತಿ ಮೋಸ ಮಾಡುವುದಿಲ್ಲ ಎಂದೆ. ನೀನು ಅವನ ಕೈಯಲ್ಲಿ ಇದ್ದಷ್ಟರಲ್ಲೇ ಹೊಂದಿಸಿಕೊಟ್ಟೆ. "ಈಗ್ಲೇ ಗ್ರಾಫಿಕ್ಸ್ ಕಾರ್ಡ್ ಬ್ಯಾಡ ಕಣಪ್ಪ, ಅದು ದೊಡ್ಡ ಗೇಮಿನ ಚಿತ್ರ ಮೂಡ್ಸಾಕೆ. ಬೋರ್ಡು, ಪವರ್ ಸಪ್ಲೈ ಒಳ್ಳೇವು ಹಾಕಿರ್ತೀನಿ. ಸಣ್ಣ ಗೇಮಿಗೆ ಇಷ್ಟು ಸಾಕು. ಮುಂದ್ಲ ವರ್ಷ ಕಾರ್ಡ್ ಹಾಕ್ಸಿಕೊಂಡ್ರಾತು" ಎಂದೆಯಂತೆ. ಅವನು ಊರಿಗೆ ಬಂದು ಅದನ್ನು ತನ್ನದೇ ಬುದ್ಧಿ ಎಂಬಂತೆ ಗೆಳೆಯರಿಗೆಲ್ಲ ಹೇಳಿಕೊಂಡು ತಿರುಗಿದ.

ನಮ್ಮ ಮನೆಯಲ್ಲಿ ಟಿವಿ, ಮಿಕ್ಸಿ, ಗ್ಯಾಸ್ ಸಿಲಿಂಡರ್, ಎಲ್ಲಕ್ಕೂ ನಾನು ಹೊಲಿದ ಕವರ್ ಇದೆ. ಕಂಪ್ಯೂಟರಿನ ಡಬ್ಬಿಗೂ ಒಂದು ಹೊಲಿದೆ. ಅವ್ವನ ಹಳೆಯ ಹಸಿರು ಸೀರೆಯದು, ಎರಡು ಪದರ, ನೆಲದವರೆಗೆ ಬರುವಷ್ಟು ಉದ್ದ. ಪ್ರದೀಪ ನೋಡಿ ನಕ್ಕ. "ಅಕ್ಕಾ, ಇದೇನು ಈದ ಎಮ್ಮೆನಾ, ಚಳಿ ಆಗಾಕೆ?" ಎಂದ. ಆದರೂ ಆಟ ಮುಗಿಸಿದ ಮೇಲೆ ಅವನೇ ಹೊದಿಸುತ್ತಿದ್ದ. ಒಂದು ವರ್ಷ ಅದರಿಂದ ಏನೂ ಆಗಲಿಲ್ಲ. ಆ ಯಂತ್ರದಲ್ಲಿ ನನ್ನದು ಎನ್ನುವುದು ಅದೊಂದೇ ಇತ್ತು.

ಈ ದಸರೆಗೆ ಮೊದಲು ಅವನು ನಿನ್ನಲ್ಲಿ ಸೆಕೆಂಡ್ ಹ್ಯಾಂಡ್ ಕಾರ್ಡ್ ಹಾಕಿಸಿಕೊಂಡು ಬಂದ. ಅಂಗಡಿಯಲ್ಲಿ ನನ್ನ ಕವರಿನ ಸುದ್ದಿ ಹೇಳಿ ನಗಾಡಿದ್ದನಂತೆ. ಅಂದು ಸಂಜೆ ನೀನು ನನಗೆ ಫೋನ್ ಮಾಡಿದೆ. "ಲಕ್ಷ್ಮೀ, ಇನ್ ಮ್ಯಾಲೆ ಅದಕ್ಕೆ ಬಟ್ಟೆ ಹಾಕಬ್ಯಾಡ ಕಣೇ. ಈ ಕಾರ್ಡ್ ಭಾಳ ಬಿಸಿ ಆಗ್ತೈತೆ, ಗಾಳಿ ಆಡ್ಬೇಕು" ಎಂದೆ. ನಾನು "ಹ್ಞೂಂ" ಎಂದೆ. ಪ್ರದೀಪನೂ ಅಂದಿನಿಂದ ಹೊದಿಸುವುದನ್ನು ಬಿಟ್ಟ. ಕವರ್ ಮಡಿಚಿ ಕಪಾಟಿನ ಮೇಲೆ ಎಸೆದ.

ನಿನ್ನ ಮಾತನ್ನು ಮರೆತೆ ಎಂದು ಬರೆಯಬಹುದು. ಮರೆತಿರಲಿಲ್ಲ. ನನಗೆ ಸಿಟ್ಟು ಬಂದಿತ್ತು.

ಆ ದಿನಗಳಲ್ಲಿ ಅವನು ಆಟವನ್ನು ನಿಲ್ಲಿಸದೆ ಹಾಗೇ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದ. ತಾನಿಲ್ಲದಿದ್ದರೂ ಅಂಕ ಕೂಡುತ್ತವಂತೆ. "ಓಡ್ತಿರುವಾಗ ಮುಟ್ಟಬ್ಯಾಡ" ಎಂದು ಹೇಳಿದ್ದ. ಪಕ್ಕದ ಕಣದಲ್ಲಿ ಮೆಕ್ಕೆಜೋಳ ಬಿಡಿಸುವ ಮಷಿನ್ ನಡೆದು, ಕಿಟಕಿಯಿಂದ ಧೂಳು ಹೊಗೆಯಂತೆ ಒಳಗೆ ಬರುತ್ತಿತ್ತು. ಅವನು ಹೋದ ಮೇಲೆ ನಾನು ಕಪಾಟಿನಿಂದ ಕವರ್ ಇಳಿಸಿ ಹೊದಿಸುತ್ತಿದ್ದೆ. ಅವನ ಬೈಕಿನ ಶಬ್ದ ಕೇಳಿದರೆ ತೆಗೆದು ಮೊದಲಿನ ಹಾಗೆ ಇಡುತ್ತಿದ್ದೆ. ಬಟ್ಟೆ ಇಸ್ತ್ರಿ ಮಾಡಿದಷ್ಟು ಬಿಸಿ ಇರುತ್ತಿತ್ತು. ಮೂರು ವಾರ ಹೀಗೆ ನಡೆಯಿತು. ಒಂದು ದಿನ ಪರದೆಯ ಮೇಲೆ ಬಣ್ಣದ ಗೆರೆಗಳು ಬಂದವು, ಆಮೇಲೆ ಏನೂ ಬರಲಿಲ್ಲ.

ಪ್ರದೀಪ ಅದನ್ನು ಹೊತ್ತುಕೊಂಡು ನಿನ್ನಲ್ಲಿಗೆ ಬಂದು ಕೂಗಾಡಿದ್ದು ನಿನಗೆ ಗೊತ್ತು. ನಾನು ಕೇಳಿದ್ದು ಅವನ ಬಾಯಿಂದ. "ಅಕ್ಕನ ಗೆಳತಿ ಅಂತ ನಂಬಿ ಬಂದ್ರೆ ಸುಟ್ಟ ಮಾಲು ಕೊಡ್ತೀರೇನ್ರಿ ಅಂದೆ" ಎಂದು ಹೆಮ್ಮೆಯಿಂದ ಹೇಳಿದ. ನೀನು ಕಾರ್ಡ್ ಬಿಚ್ಚಿ, ಅದರ ಪುಟ್ಟ ಫ್ಯಾನಿಗೆ ಸುತ್ತಿಕೊಂಡಿದ್ದ ಏನನ್ನೋ ಎಳೆದು ಅಂಗೈಯಲ್ಲಿ ಇಟ್ಟುಕೊಂಡೆಯಂತೆ. ಮನೆಯಲ್ಲಿ ಇದಕ್ಕೆ ಏನಾದರೂ ಹೊದಿಸುತ್ತೀರಾ ಎಂದು ಕೇಳಿದೆಯಂತೆ. ಇಲ್ಲ ಎಂದನಂತೆ ಇವನು. ಅವನ ಮಟ್ಟಿಗೆ ಅದು ನಿಜ. ನೀನು ಅಂಗೈ ಮುಚ್ಚಿಕೊಂಡು "ಆತಪ್ಪ, ಬ್ಯಾರೆ ಕಾರ್ಡ್ ಹಾಕ್ಕೊಡ್ತೀನಿ" ಎಂದೆಯಂತೆ. ಇವನು ಬೇಡವೆಂದು ಎದ್ದು ಬಂದ.

"ಹಸಿರು ದಾರ ಅಕ್ಕಾ. ಯಾರು ಹೆಂಗೆ ಬಳಸಿ ಬಿಟ್ಟ ಕಾರ್ಡೋ ಏನೋ" ಎಂದ. ನಾನು ಮುದ್ದೆ ತಿರುವುತ್ತಿದ್ದೆ. ತಿರುವುತ್ತಲೇ ಇದ್ದೆ. ಗೊತ್ತಾದ ಮೇಲೂ ನಿನ್ನ ಬಾಯಿಂದ ನನ್ನ ಹೆಸರು ಬರಲಿಲ್ಲ, ಚೈತ್ರಾ.

ಅದೇ ದಿನ ಅವನು ಗೇಮ್ ಆಡುವವರ ವಾಟ್ಸಾಪ್ ಗುಂಪಿನಲ್ಲಿ ನಿನ್ನ ಅಂಗಡಿಗೆ ಯಾರೂ ಹೋಗಬೇಡಿ ಎಂದು ಮಾತಾಡಿ ಕಳಿಸಿದ. ಆ ಗುಂಪಿನಲ್ಲಿ ಜಗಳೂರಿನಿಂದ ಚನ್ನಗಿರಿಯವರೆಗೆ ಇನ್ನೂರು ಜನ ಇದ್ದಾರೆ. ನಿನ್ನಲ್ಲಿ ಕಂಪ್ಯೂಟರ್ ಕೊಳ್ಳಬೇಕೆಂದಿದ್ದ ನಮ್ಮೂರಿನ ಇಬ್ಬರು, ನ್ಯಾಮತಿಯವನೊಬ್ಬ ಬೇರೆ ಕಡೆ ಹೋದರು. ಮೊನ್ನೆ ನಲ್ಲಿಯ ಹತ್ತಿರ ನಿಮ್ಮವ್ವ ದುರುಗಕ್ಕ ಸಿಕ್ಕಿದ್ದರು. "ಗಿರಾಕಿನೇ ಇಲ್ವಂತೆ ಕಣಮ್ಮ. ತಿಂಗ್ಳ ಕೊನೆಗೆ ಅಂಗಡಿ ಬಾಗ್ಲು ಹಾಕ್ತೀನಿ ಅಂತಾಳೆ" ಎಂದರು. ನನ್ನ ಕೊಡ ತುಂಬಿ ಹರಿಯುತ್ತಿದ್ದದ್ದನ್ನು ಅವರೇ ತೋರಿಸಿದರು.

ನೀನು ಕೊಟ್ಟ ಕಾರ್ಡ್ ಚೆನ್ನಾಗಿತ್ತು. ಅದನ್ನು ಕೆಡಿಸಿದವಳು ನಾನು, ಹೇಳದೆ ಇದ್ದವಳೂ ನಾನು. ಅಂಗಡಿ ಮುಚ್ಚಬೇಡ. ಪ್ರದೀಪನಿಗೆ ಇನ್ನೂ ಹೇಳಿಲ್ಲ. ಹೇಳುವ ಧೈರ್ಯ ನನಗೆ ಬಾರದಿದ್ದರೆ ಈ ಕಾಗದವನ್ನೇ ನೀನು ಯಾರಿಗೆ ಬೇಕಾದರೂ ತೋರಿಸು.

ನಿನ್ನದು ತಪ್ಪಿಲ್ಲವೆಂದು ಬಲ್ಲ,
ಲಕ್ಷ್ಮೀದೇವಿ

ಮರೆತ ಮಾತು: ಇಂದು ಸೋಮವಾರ. ಕಾಗದವನ್ನು ಇನ್ನೂ ಅಂಚೆಗೆ ಹಾಕಿಲ್ಲ. ಬೆಳಗ್ಗೆ ಪ್ರದೀಪ ಸ್ನಾನಕ್ಕೆ ಹೋದಾಗ ಅವನ ಫೋನ್ ತೆಗೆದುಕೊಂಡು ಆ ಗುಂಪಿನಲ್ಲಿ ನಾನೇ ಮಾತಾಡಿದೆ. ಮೊದಲ ಸಲದ್ದು ದನಿ ನಡುಗಿತ್ತೆಂದು ಅಳಿಸಿದೆ. ಎರಡನೆಯದೂ ನಡುಗಿತ್ತು, ಅದನ್ನೇ ಕಳಿಸಿದೆ. ನಾನು ಪ್ರದೀಪನ ಅಕ್ಕ, ಕಾರ್ಡ್ ಸುಟ್ಟದ್ದು ನನ್ನಿಂದ ಎಂದು ಹೇಳಿ, ನಿನ್ನ ಅಂಗಡಿಯ ಹೆಸರನ್ನು ಎರಡು ಸಲ ಹೇಳಿದೆ.